ಮೂರನೇ ಕಂಪ್ಲೇಂಟ್

ಒಂದೇ ಮೆಷಿನ್ ಮೇಲೆ ಒಂದೇ ತಿಂಗಳಲ್ಲಿ ಮೂರು ಕಂಪ್ಲೇಂಟ್ ಬಂದರೆ ತಪ್ಪು ಮೆಷಿನ್ನಿನದಲ್ಲ, ರಿಪೇರಿ ಮಾಡಿದವನದು. ಈ ಮಾತನ್ನು ವರ್ಕ್‌ಶಾಪಿನ ಮಾಲೀಕರು ಬೆಳಿಗ್ಗೆ ಒಂಬತ್ತಕ್ಕೆ ಹೇಳಿದ್ದರು. ಒಂಬತ್ತೂಕಾಲಿಗೆ ಇನ್ನೊಮ್ಮೆ ಹೇಳಿದ್ದರು. ಅವನು ಟೂಲ್‌ಬ್ಯಾಗ್ ಹೆಗಲಿಗೇರಿಸಿ ಬಾಗಿಲು ದಾಟುವಾಗ ಅವನ ಬೆನ್ನಿಗೂ ಹೇಳಿದ್ದರು.

"ಇವತ್ತು ಸರಿ ಮಾಡ್ಕೊಂಡು ಬಾ. ಇಲ್ಲಾಂದ್ರೆ ನಾಳೆಯಿಂದ ಕೌಂಟರ್‌ನಲ್ಲಿ ಕೂತ್ಕೊಂಡು ಮೊಬೈಲಿಗೆ ಸ್ಕ್ರೀನ್ ಗಾರ್ಡ್ ಅಂಟಿಸು. ಆಸ್ಪತ್ರೆ ಕೆಲಸಕ್ಕೆ ಬೇರೆ ಯಾರನ್ನಾದರೂ ನೋಡ್ಕೋತೀನಿ."

ಹನ್ನೆರಡು ವರ್ಷದಿಂದ ಕ್ಯಾಮೆರಾಗಳ ಹೊಟ್ಟೆ ಬಿಚ್ಚಿ ನೋಡಿದವನಿಗೆ ಸ್ಕ್ರೀನ್ ಗಾರ್ಡ್! ವರ್ಕ್‌ಶಾಪಿನಲ್ಲಿ ಅವನ ಅಡ್ಡಹೆಸರು ಭೂತಗನ್ನಡಿ. ಬಲಗಣ್ಣಿಗೆ ಆ ಪುಟ್ಟ ಗಾಜು ಸಿಕ್ಕಿಸಿಕೊಂಡನೆಂದರೆ ಊಟ ತಿಂಡಿ ಮರೆಯುವ ಆಸಾಮಿ. ಸಾಸಿವೆಗಿಂತ ಸಣ್ಣ ಸ್ಕ್ರೂ ಕೆಳಗೆ ಬಿದ್ದರೆ, ಸದ್ದು ಕೇಳಿಯೇ ಅದು ಯಾವ ಕಡೆ ಉರುಳಿತೆಂದು ಹೇಳುತ್ತಿದ್ದ. ಅಂಥವನಿಗೆ ಈಗ ಒಂದು ಚಿಟಿಕೆ ಧೂಳು ಆಟ ಆಡಿಸುತ್ತಿತ್ತು.

ಅವನಿಗೆ ಅದಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಇನ್ನೊಂದು. ಮೂರೂ ಕಂಪ್ಲೇಂಟ್ ಬರೆದವಳು ಒಬ್ಬಳೇ. ಕಣ್ಣಾಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕತ್ತಲೆ ಕೋಣೆಯಲ್ಲಿ, ಕಣ್ಣಿನ ಒಳಪರದೆಯ ಫೋಟೋ ತೆಗೆಯುವ ಕ್ಯಾಮೆರಾದ ಹಿಂದೆ ಕೂರುವವಳು. ರೋಗಿಗಳೆಲ್ಲ ಅವಳನ್ನು "ಫೋಟೋ ಮೇಡಂ" ಅನ್ನುತ್ತಿದ್ದರು. ಅವನೂ ಹಾಗೇ ಅನ್ನುತ್ತಿದ್ದ, ಆದರೆ ಹೇಳುವ ಮುಂಚೆ ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ಕೋಣೆಯ ಹೊರಗೆ ಬೆಂಚಿನ ಮೇಲೆ ಹನ್ನೊಂದು ಜನ ಕಾಯುತ್ತಿದ್ದರು. ಅವನ ಬ್ಯಾಗ್ ನೋಡಿದ ಕೂಡಲೇ ಒಬ್ಬಾಕೆ ಪಕ್ಕದವಳಿಗೆ, "ನೋಡು, ರಿಪೇರಿಯವರು ಬಂದ್ರು. ಇನ್ನು ಮಧ್ಯಾಹ್ನದವರೆಗೂ ನಾವು ಇಲ್ಲೇ" ಅಂದಳು.

ಬಾಗಿಲು ತೆಗೆದರೆ ಅವಳು ಎದ್ದು ನಿಂತಿದ್ದಳು.

"ಬಂದ್ರಾ?"

"ಕರೆಸಿದ್ರಲ್ಲ."

"ಮುಖ ಯಾಕೆ ಹಾಗಿದೆ?"

"ಮುಖದ ಮೇಲೂ ಒಂದು ಕಂಪ್ಲೇಂಟ್ ಬರೆದುಬಿಡಿ ಮೇಡಂ. ಅದೊಂದು ಬಾಕಿ ಇದೆ."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳು. ಅವಳು ನಕ್ಕಾಗ ಮೊದಲು ಎಡಗೆನ್ನೆ ಮಾತ್ರ ನಗುತ್ತಿತ್ತು, ಬಲಗೆನ್ನೆ ಆಮೇಲೆ ಸೇರಿಕೊಳ್ಳುತ್ತಿತ್ತು. ಇವತ್ತು ಎರಡೂ ಕದಲಲಿಲ್ಲ. ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ಚುಕ್ಕೆ ಬಂದಿರೋ ಫೋಟೋ ತೋರಿಸಿ."

"ಅದು... ಡಿಲೀಟ್ ಆಗೋಯ್ತು."

"ಹೋದ ಸಲಾನೂ ಡಿಲೀಟ್ ಆಗಿತ್ತು."

"ಹೂಂ. ಕೈ ತಪ್ಪಿ."

ಅವನು ಹೆಚ್ಚು ಕೆದಕಲಿಲ್ಲ. ಫೋಟೋ ಬೇಕಾಗಿಯೂ ಇರಲಿಲ್ಲ. ಹತ್ತು ದಿನದ ಹಿಂದೆ, ಎರಡನೇ ಕಂಪ್ಲೇಂಟಿಗೆ ಬಂದಾಗ, ಲೆನ್ಸ್ ಬಿಚ್ಚಿ ಭೂತಗನ್ನಡಿ ಇಟ್ಟು ನೋಡಿದರೆ ಅವನ ಕಣ್ಣಿಗೇ ಕಂಡಿತ್ತು: ಎರಡು ಮೂರು ಕಪ್ಪು ಚುಕ್ಕೆ, ಜೊತೆಗೆ ಕೂದಲೆಳೆಯಂಥ ಒಂದು ಗೆರೆ. ಊದಿದ, ಒರೆಸಿದ, ಹೋಯಿತೆಂದುಕೊಂಡು ಮುಚ್ಚಿದ. ಆದರೆ ಆ ಹತ್ತು ದಿನವೂ ವರ್ಕ್‌ಶಾಪಿನಲ್ಲಿ ಯಾವ ಲೆನ್ಸ್ ಎತ್ತಿದರೂ ಅಂಥದೇ ಚುಕ್ಕೆ ಕಾಣುತ್ತಿತ್ತು. ತನ್ನ ಒರೆಸುವ ಬಟ್ಟೆಯೇ ಕೆಟ್ಟಿದೆಯೆಂದು ಹೊಸದು ತಂದ. ಭೂತಗನ್ನಡಿಯನ್ನೇ ಬದಲಾಯಿಸಿದ. ಮೇಜಿನ ಮೇಲಿನ ಫ್ಯಾನ್ ನಿಲ್ಲಿಸಿ ಬೆವರುತ್ತ ಕೂತ. ಕೈಗುಣ ಹೊರಟುಹೋಯಿತೇನೋ ಎಂಬ ಭಯ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಅವಳು ಹೊಸ ಕಂಪ್ಲೇಂಟಿನ ಹಾಳೆಯನ್ನು ಅವನತ್ತ ಸರಿಸಿದಳು. ದೋಷದ ವಿವರ ಎಂಬ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: "ಚಿತ್ರದಲ್ಲಿ ಮತ್ತೆ ಚುಕ್ಕೆ. ಅದೇ ಎಂಜಿನಿಯರ್ ಬರಲಿ."

ಅದೇ ಎಂಜಿನಿಯರ್. ಕೆಲಸ ಕೆಡಿಸಿದವನೇ ಬಂದು ಸರಿಮಾಡಲಿ ಎಂದಲ್ಲವೇ ಅದರ ಅರ್ಥ? ಮಾಲೀಕರು ಹಾಗೇ ಓದಿದ್ದರು. ಅವನೂ ಹಾಗೇ ಓದಿಕೊಂಡ.

ಸ್ಕ್ರೂ ಡ್ರೈವರ್ ತೆಗೆದು ಕೆಲಸಕ್ಕೆ ಕೂತ.

ಮೊದಲ ಕಂಪ್ಲೇಂಟಿಗೆ ಬಂದಾಗ ಹೀಗಿರಲಿಲ್ಲ. ಅವಳು ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತು ಒಂದೊಂದಕ್ಕೂ ಪ್ರಶ್ನೆ ಕೇಳಿದ್ದಳು. ಒಂದು ಬಿಸ್ಕತ್ತನ್ನು ಸರಿಯಾಗಿ ಎರಡು ಮಾಡಲು ಹೋಗಿ ದೊಡ್ಡ ಚೂರನ್ನು ಅವನಿಗೆ ಕೊಟ್ಟಿದ್ದಳು.

"ಇಷ್ಟೊಂದು ಗಾಜು ಇದೆ. ಧೂಳು ಯಾವುದರಲ್ಲಿ ಕೂತಿದೆ ಅಂತ ಹೇಗೆ ಕಂಡುಹಿಡೀತೀರಿ?"

"ಒಂದೊಂದೇ ಭಾಗ ತಿರುಗಿಸ್ತೀವಿ. ಯಾವುದನ್ನ ತಿರುಗಿಸಿದಾಗ ಚುಕ್ಕೆನೂ ಜೊತೆಗೆ ತಿರುಗುತ್ತೋ, ಧೂಳು ಅದರಲ್ಲೇ."

"ಯಾವುದನ್ನ ತಿರುಗಿಸಿದ್ರೂ ತಿರುಗದೇ ಇದ್ರೆ?"

"ಹಾಗಾಗಲ್ಲ. ಎಲ್ಲೋ ಒಂದು ಕಡೆ ಇರಲೇಬೇಕು."

"ಮನುಷ್ಯರಿಗೂ ಈ ಲೆಕ್ಕ ನಡೆಯುತ್ತಾ?"

"ಮನುಷ್ಯರನ್ನ ಬಿಚ್ಚೋಕೆ ನನಗೆ ಬರಲ್ಲ ಮೇಡಂ."

ಆಗ ಅವಳ ಎಡಗೆನ್ನೆ ನಕ್ಕಿತ್ತು. ಆಮೇಲೆ ಬಲಗೆನ್ನೆಯೂ. ಅಷ್ಟಕ್ಕೇ ಇವನು ಒಂದು ವಾರ ನೆಲ ಬಿಟ್ಟು ನಡೆದಿದ್ದ.

ಈಗ ಲೆನ್ಸ್ ಹೊರಗೆ ಬಂತು. ಮುಂದಿನ ಗಾಜು, ಹಿಂದಿನ ಗಾಜು, ಸೆನ್ಸರ್, ಎಲ್ಲ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಕೂತವು. ಅವನು ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ. ಇದೆ. ಇವತ್ತು ಮೂರಲ್ಲ, ಹತ್ತಾರು. ಕರಿಮೆಣಸಿನ ಪುಡಿ ಚೆಲ್ಲಿದ ಹಾಗೆ. ಗಾಳಿ ಊದಿದ. ಕದಲಲಿಲ್ಲ. ಒರೆಸಿದ. ಇದೆ. ಮತ್ತೆ ಒರೆಸಿದ. ಬೆವರು ಮೂಗಿನ ತುದಿಗೆ ಇಳಿಯಿತು, ಗಾಜಿನ ಮೇಲೆ ಬೀಳುವ ಮುಂಚೆ ತೋಳಿನಿಂದ ಒರೆಸಿಕೊಂಡ.

ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಹೊಡೆದುಕೊಂಡಿತು. ಎರಡೂ ಕೈಯಲ್ಲಿ ಸಾಮಾನು ಇದ್ದುದರಿಂದ ಮೊಣಕೈಯಿಂದಲೇ ಸ್ಪೀಕರ್ ಒತ್ತಿದ. ಮಾಲೀಕರ ಗಂಟಲಿಗೆ ಸ್ಪೀಕರ್ ಬೇಕಿರಲಿಲ್ಲ.

"ಮುಗೀತೇನಯ್ಯಾ?"

"ಇನ್ನೂ ಸ್ವಲ್ಪ..."

"ಏನು ಸ್ವಲ್ಪ? ಒಂದು ಧೂಳು ತೆಗೆಯೋಕೆ ಮೂರು ಸಲ! ನಾನು ಹೇಳಿದ್ದು ನೆನಪಿದೆ ತಾನೇ? ಸರಿ ಹೋಗಲಿಲ್ಲ ಅಂದ್ರೆ ನಾಳೆಯಿಂದ ಕೌಂಟರ್. ನಿನ್ನ ಮೇಜು ನಿನ್ನ ಕೈ ಕೆಳಗಿರೋನಿಗೆ ಕೊಡ್ತೀನಿ. ನನಗೇನು ಖುಷೀನಾ?"

ಫೋನ್ ಕಟ್ ಆಯಿತು. ಅವಮಾನದಿಂದ ಅವನ ಕಿವಿ ಕೆಂಪಾಗಿತ್ತು. ತಿರುಗಿ ನೋಡಿದರೆ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ನಿಮ್ಮ ಕೆಲಸ ಹೋಗುತ್ತಾ?"

"ಕೆಲಸ ಇರುತ್ತೆ. ಮೇಜು ಹೋಗುತ್ತೆ. ನನಗೆ ಎರಡೂ ಒಂದೇ."

"ನಾನು ಕಂಪ್ಲೇಂಟ್ ವಾಪಸ್ ತಗೋತೀನಿ." ಅವಳು ಹಾಳೆಯನ್ನು ಕಸಿದುಕೊಳ್ಳಲು ಕೈ ಚಾಚಿದಳು. "ಎಲ್ಲಾ ಸರಿ ಇದೆ ಅಂತ ಬರೆದು ಸಹಿ ಹಾಕ್ತೀನಿ. ಮುಚ್ಚಿಬಿಡಿ ಮೆಷಿನ್ನನ್ನ."

ಅವನಿಗೆ ರೇಗಿತು. "ಕನಿಕರಕ್ಕೆ ಸಹಿ ಹಾಕಬೇಡಿ ಮೇಡಂ. ಹೊರಗಡೆ ಕೂತಿರೋರ ಕಣ್ಣಿನ ಪ್ರಶ್ನೆ ಇದು. ಚುಕ್ಕೆ ಇರೋದನ್ನ ನಾನೇ ನೋಡ್ತಾ ಇದೀನಿ. ತೆಗೆಯದೆ ಹೋಗಲ್ಲ."

ಅವಳ ಕೈ ಅರ್ಧದಲ್ಲೇ ನಿಂತಿತು.

"ಏನು ನೋಡ್ತಾ ಇದೀರಿ?"

"ಚುಕ್ಕೆ. ನೀವು ಬರೆದಿರೋದೇ."

"ಈಗ ಕಾಣ್ತಿದೆಯಾ? ಎಲ್ಲಿ? ತೋರಿಸಿ."

ಅವನು ಚಿಮಟದ ತುದಿಯಿಂದ ಲೆನ್ಸಿನ ಮೇಲೆ ಒಂದು ಜಾಗ ತೋರಿಸಿದ. ತೋರಿಸುತ್ತಿದ್ದಂತೆ ಚುಕ್ಕೆ ಪಕ್ಕಕ್ಕೆ ಜಾರಿತು. ಇನ್ನೊಂದು ಜಾಗ ತೋರಿಸಿದ. ಅಲ್ಲಿಂದಲೂ ಜಾರಿತು. ಅವಳು ಇಣುಕಿ ನೋಡಿದಳು, ದೀಪ ಹತ್ತಿರ ತಂದು ನೋಡಿದಳು. ಗಾಜು ಆಗತಾನೇ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

ಆರು ವರ್ಷದಿಂದ ಆ ಕತ್ತಲೆ ಕೋಣೆಯಲ್ಲಿ ಅವಳು ಈ ಮಾತನ್ನು ಎಷ್ಟೋ ಬಾಯಲ್ಲಿ ಕೇಳಿದ್ದಳು. ಸೊಳ್ಳೆ ಹಾರಿದ ಹಾಗೆ ಅನ್ನುವವರು, ಮಸಿ ಚೆಲ್ಲಿದ ಹಾಗೆ ಅನ್ನುವವರು, ಹಿಡಿಯಲು ಹೋದರೆ ಜಾರುತ್ತದೆ ಅನ್ನುವವರು. ಅವಳ ದನಿ ಬದಲಾಯಿತು.

"ಲೆನ್ಸ್ ತಿರುಗಿಸಿ."

"ಯಾಕೆ?"

"ನೀವೇ ಹೇಳಿಕೊಟ್ಟಿದ್ದು. ತಿರುಗಿಸಿ."

ತಿರುಗಿಸಿದ. ಚುಕ್ಕೆ ಜೊತೆಗೆ ತಿರುಗಲಿಲ್ಲ.

"ಭೂತಗನ್ನಡಿ ತಿರುಗಿಸಿ."

ತಿರುಗಲಿಲ್ಲ.

"ಭೂತಗನ್ನಡಿ ತೆಗೆದಿಡಿ. ಈ ಬಿಳಿ ಹಾಳೆ ನೋಡಿ." ಕಂಪ್ಲೇಂಟಿನ ಹಾಳೆಯ ಹಿಂಬದಿಯನ್ನು ಎತ್ತಿ ಹಿಡಿದಳು. "ಇದೆಯಾ?"

ಹಾಳೆಯ ಬಿಳಿಯ ಮೇಲೆ ಅವು ಇನ್ನೂ ಸ್ಪಷ್ಟವಾಗಿ ತೇಲುತ್ತಿದ್ದವು.

"ಬಲಗಣ್ಣು ಮುಚ್ಚಿ."

ಮುಚ್ಚಿದ. ಹಾಳೆ ಹಾಲಿನಂತೆ ಶುಭ್ರವಾಯಿತು. ತೆರೆದ. ಅಲ್ಲೇ ಇದ್ದವು. ಅವನು ಹಾಳೆಯನ್ನು ಕೆಳಗೆ ತಳ್ಳಿ ಎದ್ದು ನಿಂತ.

"ಎಷ್ಟು ದಿನದಿಂದ?" ಅವಳು ಕೇಳಿದಳು.

"ಆಯಾಸ ಅಷ್ಟೇ. ನಿದ್ದೆ ಇಲ್ಲ."

"ಮಿಂಚು ಹೊಡೆದ ಹಾಗೆ ಆಗುತ್ತಾ? ಪಕ್ಕದಲ್ಲಿ?"

"ಮೇಡಂ, ಕೆಲಸ ಕೆಟ್ಟಿದೆ ಅನ್ನಿ, ಒಪ್ಕೋತೀನಿ. ಕೈ ಕೆಟ್ಟಿದೆ ಅನ್ನಿ, ಅದನ್ನೂ ಒಪ್ಕೋತೀನಿ. ಕಣ್ಣು ಕೆಟ್ಟಿದೆ ಅನ್ನಬೇಡಿ." "ಇದು ಧೂಳೇ. ನಾನೊಬ್ಬನೇ ನೋಡಿದ್ದಾದ್ರೆ ಬೇರೆ ಮಾತು. ನೀವೂ ನೋಡಿದೀರಲ್ಲ! ಮೂರು ಸಲ ಬರೆದುಕೊಟ್ಟಿದೀರಿ, ನಿಮ್ಮ ಸಹಿ ಇದೆ. ಇಬ್ಬರ ಕಣ್ಣಿಗೆ ಕಂಡಿದ್ದು ನನ್ನ ಕಣ್ಣಿನ ದೋಷ ಹೇಗಾಗುತ್ತೆ?"

ಅವಳು ತುಟಿ ಕಚ್ಚಿ ನಿಂತಳು. ಒಂದು ಮಾತು ಹೇಳಿದರೆ ಇವನ ಕಣ್ಣು ಉಳಿಯುತ್ತದೆ, ಅದೇ ಮಾತಿಗೆ ಇವನು ತನ್ನನ್ನು ಬಿಟ್ಟೂ ಹೋಗುತ್ತಾನೆ. ಅದು ಅವಳ ಮುಖದಲ್ಲಿ ಎಷ್ಟು ನಿಚ್ಚಳವಾಗಿತ್ತೆಂದರೆ, ಹೇಳುವ ಮುಂಚೆಯೇ ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಧೂಳು ಇರಲಿಲ್ಲ."

"ಏನು?"

"ಮೊದಲನೇ ಸಲ ಇತ್ತು. ಅದು ನಿಜ. ಎರಡನೇ ಸಲ ಇರಲಿಲ್ಲ. ಇವತ್ತೂ ಇಲ್ಲ. ನಾನು ಯಾವ ಚುಕ್ಕೇನೂ ನೋಡಿಲ್ಲ, ಯಾವ ಫೋಟೋನೂ ಡಿಲೀಟ್ ಮಾಡಿಲ್ಲ. ಸುಳ್ಳು ಬರೆದೆ."

"ಯಾಕೆ?"

"ನೀವು ಬರಲಿ ಅಂತ."

ಬೇರೆ ಯಾವ ದಿನ, ಬೇರೆ ಯಾವ ಕೋಣೆಯಲ್ಲಿ ಈ ಮೂರು ಮಾತು ಕೇಳಿದ್ದರೂ ಅವನು ಕುಣಿದಾಡಿಬಿಡುತ್ತಿದ್ದ. ಈಗ ಅವನಿಗೆ ಕಂಡದ್ದು ನಿದ್ದೆಯಿಲ್ಲದ ಹತ್ತು ರಾತ್ರಿ, ಬದಲಾಯಿಸಿದ ಬಟ್ಟೆ, ನಿಲ್ಲಿಸಿದ ಫ್ಯಾನ್, ಕೈಗುಣ ಹೋಯಿತೆಂದು ಒಬ್ಬನೇ ಪಟ್ಟ ಸಂಕಟ.

"ನಿಮಗೆ ಇದು ಆಟ. ನನ್ನ ಹನ್ನೆರಡು ವರ್ಷದ ಹೆಸರು ಅದು."

"ಗೊತ್ತು. ಈಗ ಗೊತ್ತಾಯ್ತು. ಎಷ್ಟು ಬೇಕಾದರೂ ಬೈಯಿರಿ. ಬೈದಾದ ಮೇಲೆ ಈ ಕ್ಯಾಮೆರಾದ ಮುಂದೆ ಗಲ್ಲ ಇಡಿ, ಅಷ್ಟೇ. ಅದು ಕಣ್ಣಿನ ಒಳಪರದೆ ಹರಿದಿರೋ ಲಕ್ಷಣ ಇರಬಹುದು. ತಡ ಮಾಡಿದ್ರೆ..."

ಅವನು ಕೇಳಿಸಿಕೊಳ್ಳಲಿಲ್ಲ. ಟೂಲ್‌ಬ್ಯಾಗನ್ನು ಅಲ್ಲೇ ಬಿಟ್ಟು, ಬಿಚ್ಚಿದ ಮೆಷಿನ್ನನ್ನೂ ಬಿಟ್ಟು, ಹನ್ನೊಂದು ಜನರ ಮುಂದೆ ದಡದಡ ನಡೆದು ಮೆಟ್ಟಿಲಿಗೆ ಬಂದುಬಿಟ್ಟ. ಕೆಲಸ ಅರ್ಧಕ್ಕೆ ಬಿಟ್ಟು ಅವನು ಎದ್ದು ಹೋದದ್ದು ಅದೇ ಮೊದಲು.

ಮೆಟ್ಟಿಲಿನ ತಿರುವಿನಲ್ಲಿ ಬಲ್ಬ್ ಸುಟ್ಟುಹೋಗಿ ಕತ್ತಲೆಯಿತ್ತು. ಅಲ್ಲಿ ಬಲಗಡೆ ಯಾರೋ ಫಳಕ್ಕೆಂದು ಫ್ಲಾಶ್ ಹೊಡೆದರು. ತಿರುಗಿ ನೋಡಿದ. ಬರೀ ಗೋಡೆ. ಮುಂದಿನ ಮೆಟ್ಟಿಲಿಗೆ ಕಾಲಿಟ್ಟ, ಮತ್ತೆ ಫಳಕ್. ನಿನ್ನೆಯಿಂದಲೂ ಇದು ಹೀಗೇ ಇತ್ತು. ವರ್ಕ್‌ಶಾಪಿನಲ್ಲಿ ಯಾವನೋ ಫ್ಲಾಶ್ ಟೆಸ್ಟ್ ಮಾಡುತ್ತಿದ್ದಾನೆ ಎಂದುಕೊಂಡು ಎರಡು ಸಲ ಗದರಿಯೂ ಇದ್ದ. ಅವನು ಗೋಡೆಗೆ ಒರಗಿ ಎರಡೂ ಕಣ್ಣು ಮುಚ್ಚಿದ. ಫಳಕ್. ಮುಚ್ಚಿದ ಕಣ್ಣೊಳಗೆ ಫ್ಲಾಶ್ ಹೊಡೆಯುವವರು ಯಾರು?

ಮೆಟ್ಟಿಲ ಮೇಲೆ ಕುಸಿದು ಕೂತ. ಬಲಗಣ್ಣಿಲ್ಲದ ಭೂತಗನ್ನಡಿಯನ್ನು ಯಾರು ಏನೆಂದು ಕರೆದಾರು?

ಅವಳು ಇಳಿದು ಬಂದ ಸದ್ದಾಯಿತು. ಪಕ್ಕದಲ್ಲಿ ಕೂರಲಿಲ್ಲ. ಎರಡು ಮೆಟ್ಟಿಲು ಮೇಲೆಯೇ ನಿಂತಳು.

"ಮಿಂಚಿತಾ?"

"ಹೂಂ."

"ನನ್ನನ್ನ ಆಮೇಲೆ ದ್ವೇಷ ಮಾಡಿ. ಅದಕ್ಕೆ ಇಡೀ ಜೀವನ ಇದೆ. ಕಣ್ಣಿಗೆ ಅಷ್ಟು ಟೈಮ್ ಇಲ್ಲ."

ಅವನು ಎದ್ದ.

ದೊಡ್ಡ ಡಾಕ್ಟರ್ ಆಪರೇಷನ್‌ನಲ್ಲಿದ್ದರು. ಅವಳು ಫೋನ್ ಮಾಡಿದಳು. ನರ್ಸ್ ಒಳಗೆ ಕೇಳಿಕೊಂಡು ಬಂದು, "ಡ್ರಾಪ್ಸ್ ಹಾಕಿ ಫೋಟೋ ರೆಡಿ ಇಟ್ಟುಕೊಳ್ಳಬೇಕಂತೆ. ಅರ್ಧ ಗಂಟೆಯಲ್ಲಿ ಬರ್ತಾರಂತೆ" ಅಂದಳು. ಫೋಟೋ ತೆಗೆಯುವ ಕ್ಯಾಮೆರಾ ಮಾತ್ರ ಬಿಳಿ ಬಟ್ಟೆಯ ಮೇಲೆ ಇಪ್ಪತ್ತು ಚೂರಾಗಿ ಮಲಗಿತ್ತು. ಬಿಚ್ಚಿದವನು ಇವನೇ.

ಅವಳು ಅವನ ರೆಪ್ಪೆ ಎತ್ತಿ ಹನಿ ಬಿಟ್ಟಳು. ಉರಿಯಿತು. ಕೆನ್ನೆಗಿಳಿದ ನೀರನ್ನು ಹತ್ತಿಯಿಂದ ಒರೆಸುವಾಗ ಅವಳ ಬೆರಳು ತಣ್ಣಗಿತ್ತು. ಅವನು ಮುಖ ತಿರುಗಿಸಲಿಲ್ಲ.

ನಂತರ ಅವಳು ಅವನ ಮೊಬೈಲನ್ನೇ ಎತ್ತಿಕೊಂಡು ಕೊನೆಯ ನಂಬರಿಗೆ ಫೋನ್ ಹಚ್ಚಿದಳು.

"ಸರ್, ನಾನು ಕಣ್ಣಾಸ್ಪತ್ರೆಯಿಂದ. ನಿಮ್ಮ ಎಂಜಿನಿಯರ್ ಕೆಲಸದಲ್ಲಿ ಯಾವ ತಪ್ಪೂ ಇಲ್ಲ. ಎರಡನೇ ಕಂಪ್ಲೇಂಟ್ ಸುಳ್ಳು, ಮೂರನೇದೂ ಸುಳ್ಳು. ನಾನೇ ಬರೆದಿದ್ದು. ಹೌದು ಸರ್, ಬರವಣಿಗೆಯಲ್ಲಿ ಕೊಡ್ತೀನಿ. ನಮ್ಮ ಡಾಕ್ಟರಿಗೂ ನಾನೇ ಹೇಳ್ತೀನಿ."

ಫೋನ್ ಕೆಳಗಿಟ್ಟು ಅವನತ್ತ ತಿರುಗಿದಳು.

"ಈಗ ಹೇಳಿ," ಅವಳು ಮೇಜಿನ ಮುಂದೆ ಕೂತು ತೋಳು ಮಡಿಸಿದಳು. "ನೀವು ಬಗ್ಗಬಾರದು. ತಲೆ ಅಲ್ಲಾಡಿಸಬಾರದು. ನೀವು ಹೇಳಿ, ನಾನು ಸೇರಿಸ್ತೀನಿ."

"ನಿಮ್ಮ ಕೈಯಲ್ಲಿ ಆಗಲ್ಲ."

"ನಿಮ್ಮ ಕಣ್ಣಲ್ಲೂ ಆಗಲ್ಲ."

ಅದು ನಿಜ. ಹನಿ ಬಿದ್ದ ಬಲಗಣ್ಣಿಗೆ ಲೋಕ ಮಂಜಾಗುತ್ತಿತ್ತು. ಅವನು ಕುರ್ಚಿಯ ಬೆನ್ನಿಗೆ ತಲೆ ಆನಿಸಿ, ಎಡಗಣ್ಣೊಂದರಲ್ಲೇ ಅವಳ ಕೈ ನೋಡುತ್ತ ಶುರುಮಾಡಿದ.

"ಹಿಂದಿನ ಗಾಜು ಮೊದಲು. ಅಂಚು ಹಿಡೀರಿ, ನಡುವೆ ಬೆರಳು ತಾಗಬಾರದು. ಹಾಂ. ಕೂತಾಗ ಒಂದು ಸಣ್ಣ ಸದ್ದು ಬರುತ್ತೆ. ಬಂತಾ?"

"ಬರಲಿಲ್ಲ."

"ಹಾಗಾದ್ರೆ ಕೂತಿಲ್ಲ. ಒತ್ತಬೇಡಿ. ಸುಮ್ಮನೆ ತಿರುಗಿಸ್ತಾ ಹೋಗಿ. ಅದೇ ಜಾಗ ಹುಡುಕಿಕೊಳ್ಳುತ್ತೆ."

ಟಕ್ಕೆಂದಿತು. ಇಬ್ಬರೂ ಉಸಿರು ಬಿಟ್ಟರು.

"ಈಗ ಉಂಗುರ. ಸ್ಕ್ರೂ ಆರಿವೆ. ಒಂದಾದ ಮೇಲೆ ಎದುರಿನದು, ಪಕ್ಕದ್ದಲ್ಲ. ಮುಕ್ಕಾಲು ಸುತ್ತು. ಸಾಕು. ಇನ್ನು ಒಂದು ಉಗುರಿನಷ್ಟು. ಸಾಕು ಸಾಕು!"

ಮೂರನೇ ಸ್ಕ್ರೂ ಅವಳ ಚಿಮಟದಿಂದ ಜಿಗಿಯಿತು. ಅವಳು ಹೌಹಾರಿದಳು. ಅವನು ಕಣ್ಣು ಮುಚ್ಚಿಕೊಂಡೇ, "ನಿಮ್ಮ ಎಡಗಾಲಿನ ಹತ್ತಿರ. ಮೇಜಿನ ಕಾಲಿಗೆ ತಾಗಿ ನಿಂತಿದೆ" ಅಂದ. ಅಲ್ಲೇ ಇತ್ತು. ಅವಳು ಸ್ಕ್ರೂ ಎತ್ತಿಕೊಂಡು ಅವನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು.

"ಈಗ ಅಳಬೇಡಿ. ಲೆನ್ಸ್ ತೆರೆದಿದೆ," ಅಂದ.

ಇಪ್ಪತ್ತೈದು ನಿಮಿಷಕ್ಕೆ ಮೆಷಿನ್ ಉಸಿರಾಡಿತು. ಟೆಸ್ಟಿಗೆಂದು ಇರುವ ಪ್ಲಾಸ್ಟಿಕ್ ಕಣ್ಣಿನ ಫೋಟೋ ತೆಗೆದಳು. ಒಂದು ಚುಕ್ಕೆಯೂ ಇರಲಿಲ್ಲ. ಆಮೇಲೆ ಅವಳು ದೀಪ ಆರಿಸಿ, ಹೊರಗಿನವರಿಗೆ ದಿನಕ್ಕೆ ಐವತ್ತು ಸಲ ಹೇಳುವ ಮಾತನ್ನೇ ಹೇಳಿದಳು. ದನಿ ಮಾತ್ರ ಬೇರೆ ಇತ್ತು.

"ಗಲ್ಲ ಇಡಿ. ಹಣೆ ಒತ್ತಿ. ಹಸಿರು ದೀಪ ನೋಡಿ. ರೆಪ್ಪೆ ಮಿಟುಕಿಸಬೇಡಿ."

ಬೆಳಕು ಹೊಡೆಯಿತು.

"ಈಗ ಮೇಲೆ ನೋಡಿ. ಇನ್ನೂ ಮೇಲೆ. ಬಲಕ್ಕೆ."

ಮತ್ತೆ ಹೊಡೆಯಿತು. ಆಮೇಲೆ ಅವಳು ಏನೂ ಹೇಳಲಿಲ್ಲ. ಸಾವಿರಾರು ಕಣ್ಣಿನ ಫೋಟೋ ತೆಗೆದವಳು ಸುಮ್ಮನಾದರೆ ಅದಕ್ಕೊಂದು ಅರ್ಥವಿದೆ. ಅವನು ತಲೆ ಎತ್ತಿ ಕಂಪ್ಯೂಟರ್ ನೋಡಿದ. ಕಿತ್ತಳೆ ಬಣ್ಣದ ಚಿತ್ರದ ಮೇಲಂಚಿನಲ್ಲಿ, ಬಟ್ಟೆಗೆ ಮೊಳೆ ಸಿಕ್ಕಿ ಹರಿದ ಹಾಗೆ, ಒಂದು ಪುಟ್ಟ ಸೀಳು.

"ಅದು ಧೂಳಲ್ಲ ಅಲ್ವಾ?" ಅಂದ.

"ಅಲ್ಲ."

ಅವನ ಕೈ ಮೇಜಿನ ಮೇಲೆ ಏನನ್ನೋ ಹುಡುಕಿತು. ಅವಳು ತನ್ನ ಕೈ ಕೊಟ್ಟಳು. ಅವನು ಹಿಡಿದುಕೊಂಡ. ಕೋಪ ಹೋಗಿರಲಿಲ್ಲ, ಆದರೂ ಬಿಡಲಿಲ್ಲ. ಡಾಕ್ಟರ್ ಬಾಗಿಲು ತಳ್ಳಿಕೊಂಡು ಬರುವವರೆಗೂ ಹಾಗೇ ಇದ್ದರು.

ಡಾಕ್ಟರಮ್ಮ ಕಣ್ಣನ್ನು ನೋಡಿದರು, ಕಂಪ್ಯೂಟರಿನ ಮೇಲಿನ ಚಿತ್ರವನ್ನೂ ನೋಡಿದರು. "ಹರಿದಿದೆ, ಇನ್ನೂ ಕಳಚಿಕೊಂಡಿಲ್ಲ. ಈಗಲೇ ಲೇಸರ್ ಹಾಕಿ ಸುತ್ತ ಬೆಸುಗೆ ಮಾಡ್ತೀನಿ. ಒಂದೆರಡು ದಿನ ಬಿಟ್ಟು ಬಂದಿದ್ರೆ ಈ ಮಾತು ಹೇಳೋಕೆ ಆಗ್ತಿರಲಿಲ್ಲ. ಯಾರು ಕಂಡುಹಿಡಿದಿದ್ದು?"

"ನಾನು," ಅಂದಳು ಅವಳು. ಒಂದು ಕ್ಷಣ ತಡೆದು, "ಇಷ್ಟು ದಿನ ತಡ ಆಗೋ ಹಾಗೆ ಮಾಡಿದ್ದೂ ನಾನೇ ಮೇಡಂ" ಅಂದು, ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿಬಿಟ್ಟಳು.

ಸಂಜೆ ಅವನನ್ನು ಮನೆಗೆ ಕರೆದುಕೊಂಡು ಹೋಗಲು ಅಕ್ಕ ಬಂದಳು. ಎರಡು ವಾರ ಭಾರ ಎತ್ತುವಂತಿಲ್ಲ, ಬಗ್ಗುವಂತಿಲ್ಲ, ಭೂತಗನ್ನಡಿಯ ಮಾತೇ ಇಲ್ಲ. ಸುಮ್ಮನೆ ಕೂರಲು ಬಾರದವನನ್ನು ಕೂರಿಸಿದರೆ ಮನೆಯವರ ಪಾಡು ಕೇಳಬೇಕೇ? ಗೋಡೆ ಗಡಿಯಾರದ ಸದ್ದು ಸರಿಯಿಲ್ಲ ಅಂದ, ಮಿಕ್ಸಿಯ ಸದ್ದು ಸರಿಯಿಲ್ಲ ಅಂದ. ನಾಲ್ಕನೇ ದಿನ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಮಿಕ್ಸಿ ಸರಿಯಾಗೇ ಇದೆ ಕಣೋ. ನಿನ್ನ ಸಿಟ್ಟು ಯಾರ ಮೇಲೆ?"

"ನನ್ನ ಹೆಸರು ಕೆಡಿಸಿದಳು ಅಕ್ಕ. ಸುಳ್ಳು ಹೇಳಿ."

"ಹೇಳಿದಳು. ತಪ್ಪೇ. ಆಮೇಲೆ ನಿನ್ನ ಮಾಲೀಕರಿಗೆ, ಅವಳ ಡಾಕ್ಟರಿಗೆ, ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡಿದ್ದು ಯಾರು? ನೀನು ಅಷ್ಟು ಇಷ್ಟಪಡೋಳಿಗೆ ತಿಂಗಳಾದರೂ ಒಂದು ಮಾತು ಹೇಳಿದ್ಯಾ? ಬಾಯಿಗೂ ಸ್ಕ್ರೂ ಹಾಕ್ಕೊಂಡು ಕೂತಿದ್ದೆ."

"ಇಷ್ಟ ಅಂತ ನಿನಗೆ ಯಾರು ಹೇಳಿದ್ರು?"

"ಧೂಳು ತೆಗೆಯೋಕೆ ಹೋಗುವಾಗ ಯಾರು ಕಣೋ ಇಸ್ತ್ರಿ ಶರ್ಟ್ ಹಾಕ್ಕೊಳ್ತಾರೆ?"



ಎರಡು ವಾರಕ್ಕೆ ಮತ್ತೆ ತೋರಿಸಲು ಹೋದಾಗ ಆಸ್ಪತ್ರೆಯ ಬಾಗಿಲಲ್ಲೇ ಅವನಿಗೆ ಆಶ್ಚರ್ಯ ಕಾದಿತ್ತು. ಚೀಟಿ ಬರೆಯುವ ಕೌಂಟರಿನ ಗಾಜಿನ ಹಿಂದೆ ಅವಳು ಕೂತಿದ್ದಳು. ಸುಳ್ಳು ಕಂಪ್ಲೇಂಟಿಗೆ ಡಾಕ್ಟರಮ್ಮ ಕೊಟ್ಟ ಶಿಕ್ಷೆ, ಒಂದು ತಿಂಗಳು. ಕೌಂಟರಿಗೆ ಹೋಗಬೇಕಿದ್ದವನು ಇವನು, ಹೋಗಿ ಕೂತವಳು ಅವಳು.

"ಯಾವ ಕಣ್ಣು?" ತಲೆ ಎತ್ತದೆ ಕೇಳಿದಳು.

"ಬಲಗಣ್ಣು."

ಪೆನ್ನು ನಿಂತಿತು. ನಿಧಾನ ತಲೆ ಎತ್ತಿದಳು.

"ಚುಕ್ಕೆ?"

"ಒಂದೆರಡು ಉಳಿದಿವೆ. ಅವು ಪೂರ್ತಿ ಹೋಗದೇನೂ ಇರಬಹುದಂತೆ, ಅಭ್ಯಾಸ ಆಗುತ್ತಂತೆ."

"ನನ್ನ ಮೇಲಿನ ಕೋಪ?"

ಅವನು ಗಂಟಲು ಸರಿಮಾಡಿಕೊಂಡ. ಹಿಂದೆ ನಿಂತಿದ್ದವನು ಬೇಗ ಮುಗಿಸಿ ಎಂಬಂತೆ ಕೆಮ್ಮಿದ. ಅವನು ಗಾಜಿನ ರಂಧ್ರಕ್ಕೆ ಇನ್ನಷ್ಟು ಹತ್ತಿರವಾದ.

"ಮೊದಲನೇ ಕಂಪ್ಲೇಂಟ್ ನಿಜ ತಾನೇ?"

"ನಿಜ. ಅದು ಮಾತ್ರ ನಿಜ. ಆಣೆಗೂ."

"ಹನ್ನೆರಡು ವರ್ಷದಲ್ಲಿ ನಾನು ಗಾಜಿನ ಮೇಲೆ ಧೂಳು ಬಿಟ್ಟಿದ್ದು ಅದೊಂದೇ ಸಲ. ಹೇಗೆ ಬಿಟ್ಟೆ ಗೊತ್ತಾ? ಆ ಕಂಪ್ಲೇಂಟಿಗೂ ಮುಂಚೆ ಮಾಮೂಲಿ ಸರ್ವೀಸಿಗೆ ಬಂದಿದ್ದೆನಲ್ಲ, ಅವತ್ತು ಕೆಲಸ ಮುಗಿಸಿ ಕೊನೇ ಮುಚ್ಚಳ ಹಾಕಬೇಕಿತ್ತು. ನೀವು ಪಕ್ಕದಲ್ಲಿ ಕಾಯ್ತಾ ಇದ್ದ ಒಬ್ಬರು ಅಜ್ಜಿಗೆ ಮೊದಲೇ ಹೇಳಿಕೊಡ್ತಾ ಇದ್ರಿ, ಹಸಿರು ದೀಪ ನೋಡಿ, ರೆಪ್ಪೆ ಮಿಟುಕಿಸಬೇಡಿ ಅಂತ." ಅವನು ತಡೆದ. "ನಾನೂ ಮಿಟುಕಿಸಲಿಲ್ಲ. ಮುಚ್ಚಳ ಕೈಯಲ್ಲೇ ಇತ್ತು. ಲೆನ್ಸ್ ತೆರೆದೇ ಇತ್ತು."

ಅವಳ ಎಡಗೆನ್ನೆ ಕದಲಿತು.

"ಅಂದ್ರೆ ತಪ್ಪು ನಿಮ್ಮದೂ ಇದೆ."

"ಇದೆ. ಅದಕ್ಕೆ ಕೋಪ ಮಾಡ್ಕೊಳ್ಳೋಕೆ ನನಗೆ ಪೂರ್ತಿ ಹಕ್ಕಿಲ್ಲ. ಒಂದು ಮಾತು ಮಾತ್ರ. ಇನ್ನು ಯಾವತ್ತೂ ಸುಳ್ಳು ಬರೀಬೇಡಿ."

"ಬರೆಯಲ್ಲ."

"ನಾನು ಬೇಕಾದ್ರೆ?"

ಬಲಗೆನ್ನೆಯೂ ಸೇರಿಕೊಂಡಿತು. "ನಿಜ ಬರೀತೀನಿ" ಅಂದಳು. ಹಿಂದಿನವನು ಈಗ ಜೋರಾಗಿಯೇ ಕೆಮ್ಮಿದ.

ಅವಳು ಕತ್ತಲೆ ಕೋಣೆಗೆ ವಾಪಸಾದ ಮೊದಲ ದಿನ, ಮಧ್ಯಾಹ್ನ, ವರ್ಕ್‌ಶಾಪಿಗೆ ಕಣ್ಣಾಸ್ಪತ್ರೆಯಿಂದ ಒಂದು ಕಂಪ್ಲೇಂಟ್ ಹಾಳೆ ಬಂತು. ಮಾಲೀಕರು ಕನ್ನಡಕ ಏರಿಸಿಕೊಂಡರು, ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಇಡೀ ವರ್ಕ್‌ಶಾಪಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದರು.

"ದೋಷದ ವಿವರ: ಯಾವ ದೋಷವೂ ಇಲ್ಲ. ಮೆಷಿನ್ ಚೆನ್ನಾಗಿದೆ. ಅದೇ ಎಂಜಿನಿಯರ್ ಬರಲಿ."

ಯಾರೋ ಸಿಳ್ಳೆ ಹೊಡೆದರು. ಭೂತಗನ್ನಡಿ ತನ್ನ ಮೇಜಿನ ದೀಪ ಆರಿಸಿ, ಕೈ ತೊಳೆದು, ಶರ್ಟಿನ ತೋಳು ಇಳಿಸಿಕೊಂಡು ಬಾಗಿಲಿಗೆ ಹೊರಟ.

"ಏಯ್, ಟೂಲ್‌ಬ್ಯಾಗ್ ಮರೆತೆ ಕಣಯ್ಯಾ!" ಮಾಲೀಕರು ಕೂಗಿದರು.

"ಮರೆತಿಲ್ಲ ಸರ್," ಅಂದ ಅವನು.